ಮೊಬೈಲಿನಲ್ಲಿ ಕಾಣದ ಮಾಹಿತಿಯನ್ನು ಕಾಣಿಸಿಕೊಟ್ಟ ಠಾಣೆ ನಗರದ ಒಂದು ವೆಬ್ ಸೇವೆ: ವಿಮರ್ಶೆ

ಮುಂಬಯಿಯ ಮುಲುಂಡಿನಲ್ಲಿರುವ ನಮ್ಮ ಕನ್ನಡ ಸಂಘದ ವೆಬ್‌ಸೈಟನ್ನು ಟಚ್‌ಸ್ಕ್ರೀನ್ ಫೋನಿಗೆ ಸರಿಹೊಂದುವಂತೆ ತಿದ್ದಿಕೊಡುವ ಕೆಲಸವನ್ನು ಕಾರ್ಯಕಾರಿ ಸಮಿತಿಯು ಪಕ್ಕದ ಠಾಣೆ ನಗರದ ಒಂದು ಸಣ್ಣ ವೆಬ್ ಕಚೇರಿಗೆ ವಹಿಸಿತ್ತು. ಸಂಘದ ಪರವಾಗಿ ಆ ಕೆಲಸದ ಮೇಲ್ವಿಚಾರಣೆ ನನ್ನದಾಗಿತ್ತು. ಕೆಲಸ ಮುಗಿದು ಸೈಟ್ ಬಳಕೆಗೆ ಬಂದಿರುವುದರಿಂದ, ಅವರು ಮಾಡಿದ್ದು ಎಷ್ಟರ ಮಟ್ಟಿಗೆ ಸರಿಯಾಗಿದೆ ಮತ್ತು ಎಲ್ಲಿ ಕೊರತೆ ಉಳಿದಿದೆ ಎಂಬುದನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಕಚೇರಿಯ ಹೆಸರನ್ನು ಬರೆಯುತ್ತಿಲ್ಲ. ಮಾಟುಂಗದಿಂದ ಡೊಂಬಿವಲಿಯವರೆಗೆ ಇರುವ ನಮ್ಮಂಥ ಹಲವು ಸಂಘಗಳು ತಮಗೆ ಪರಿಚಯವಿರುವ ಡೆವಲಪರ್ ಹತ್ತಿರ ಏನನ್ನು ಕೇಳಿ ಪಡೆಯಬೇಕು ಎಂಬುದು ಗೊತ್ತಾದರೆ ಈ ಬರಹದ ಉದ್ದೇಶ ಈಡೇರಿದಂತೆ.

ಹಳೆಯ ಸೈಟ್ ನೋಡಲು ಅಂದವಾಗಿಯೇ ಇತ್ತು. ಆದರೆ ಅದರ ಮುಖ್ಯ ಮಾಹಿತಿಯೆಲ್ಲ ಮೌಸಿನ ಬಾಣವನ್ನು ಮೇಲೆ ತಂದಾಗ ಮಾತ್ರ ತೆರೆದುಕೊಳ್ಳುವ ಪುಟ್ಟ ಪೆಟ್ಟಿಗೆಗಳಲ್ಲಿ ಅಡಗಿತ್ತು. ಸಭಾಭವನದ ಬುಕಿಂಗ್ ಕ್ಯಾಲೆಂಡರಿನಲ್ಲಿ ತಾರೀಖುಗಳಿಗೆ ಹಸಿರು, ಹಳದಿ, ಕೆಂಪು ಬಣ್ಣ ಕೊಟ್ಟಿದ್ದರು. ಹಳದಿ ಚೌಕದ ಮೇಲೆ ಬಾಣವಿಟ್ಟರೆ ‘ಬೆಳಿಗ್ಗೆ ಖಾಲಿ ಇದೆ, ಸಂಜೆ 4ರಿಂದ ಕಾದಿರಿಸಲಾಗಿದೆ’ ಎಂಬ ಸಾಲು ಕಾಣಿಸಿಕೊಳ್ಳುತ್ತಿತ್ತು. ಸಮಿತಿಯ ಸಭೆಯಲ್ಲಿ ಲ್ಯಾಪ್‌ಟಾಪ್ ಇಟ್ಟು ತೋರಿಸಿದಾಗ ಎಲ್ಲರಿಗೂ ಅದು ಹಿಡಿಸಿತ್ತು. ಆದರೆ ಮದುವೆಗೆ, ಸೀಮಂತಕ್ಕೆ, ಶ್ರಾದ್ಧದ ಊಟಕ್ಕೆ ಹಾಲ್ ಹುಡುಕುವವರು ಲ್ಯಾಪ್‌ಟಾಪ್ ಮುಂದೆ ಕುಳಿತಿರುವುದಿಲ್ಲ. ಅವರು ಸೆಂಟ್ರಲ್ ಲೈನಿನ ಲೋಕಲ್ ರೈಲಿನಲ್ಲಿ ನಿಂತು ಮೊಬೈಲಿನಲ್ಲಿ ನೋಡುತ್ತಾರೆ, ಅಥವಾ ಉಡುಪಿಯಲ್ಲೋ ಹುಬ್ಬಳ್ಳಿಯಲ್ಲೋ ಇರುವ ಸೋದರಮಾವನಿಗೆ ವಾಟ್ಸಾಪ್‌ನಲ್ಲಿ ಲಿಂಕ್ ಕಳಿಸಿ ಅಲ್ಲಿಂದ ನೋಡಿಸುತ್ತಾರೆ. ಅವರ ಪರದೆಯ ಮೇಲೆ ಬಣ್ಣವಷ್ಟೇ ಇರುತ್ತಿತ್ತು, ಅದರ ಅರ್ಥ ಇರುತ್ತಿರಲಿಲ್ಲ. ‘ಸಾರ್, ಹಳದಿ ಅಂದ್ರೆ ಸಿಗತ್ತೋ ಸಿಗಲ್ವೋ?’ ಎಂದು ಕಚೇರಿಗೆ ಫೋನ್ ಮಾಡಿ ಕೇಳುವವರಿಗೆ ನಮ್ಮ ಮ್ಯಾನೇಜರ್ ದಿನವಿಡೀ ಉತ್ತರಿಸಬೇಕಾಗಿತ್ತು. ಬಾಯಿಬಿಟ್ಟು ಕೇಳಲು ಸಂಕೋಚಪಟ್ಟು, ಹಾಲ್ ಇಲ್ಲವೆಂದೇ ತಿಳಿದು, ಬೇರೆ ಕಡೆ ಹೋದವರೂ ಇದ್ದಿರಬೇಕು.

ಇದರ ಕಾರಣವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮೌಸ್ ಇರುವ ಗಣಕದಲ್ಲಿ ‘ಮೇಲೆ ಇರುವುದು’ ಮತ್ತು ‘ಒತ್ತುವುದು’ ಎಂಬ ಎರಡು ಬೇರೆ ಬೇರೆ ಕ್ರಿಯೆಗಳಿವೆ. ಬೆರಳಿಗೆ ಒಂದೇ ಕ್ರಿಯೆ, ಮುಟ್ಟುವುದು. ಪರದೆಯ ಮೇಲೆ ಅರ್ಧ ಇಂಚಿನ ಎತ್ತರದಲ್ಲಿ ಬೆರಳನ್ನು ಹಿಡಿದು ನಿಂತರೆ ಸಾಮಾನ್ಯ ಫೋನಿಗೆ ಅದರ ಅರಿವೇ ಆಗುವುದಿಲ್ಲ. ವೆಬ್ ಪುಟಗಳನ್ನು ಬರೆಯುವ ಎಚ್‌ಟಿಎಂಎಲ್ ಭಾಷೆಯಲ್ಲಿ ‘ಟೈಟಲ್’ ಎಂಬ ಗುಣಲಕ್ಷಣದೊಳಗೆ ಬರೆದ ಸಾಲು ಗಣಕದಲ್ಲಿ ಬಾಣವಿಟ್ಟಾಗ ತಾನಾಗಿ ತೇಲಿ ಬರುತ್ತದೆ, ಮೊಬೈಲಿನಲ್ಲಿ ಸಾಮಾನ್ಯವಾಗಿ ಬರುವುದೇ ಇಲ್ಲ. ಎಚ್‌ಟಿಎಂಎಲ್ ಮಾನಕದಲ್ಲೇ ಈ ಕುರಿತು ಎಚ್ಚರಿಕೆಯಿದೆ: ಈ ಗುಣಲಕ್ಷಣವನ್ನು ನೆಚ್ಚಿಕೊಳ್ಳಬಾರದು, ಕೀಲಿಮಣೆಯನ್ನಷ್ಟೇ ಬಳಸುವವರೂ ಫೋನ್, ಟ್ಯಾಬ್ಲೆಟ್ ಬಳಸುವವರೂ ಇದರಿಂದ ಹೊರಗುಳಿಯುತ್ತಾರೆ ಎಂದು ಅಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ. ಪುಟದ ವಿನ್ಯಾಸವನ್ನು ನಿರ್ಧರಿಸುವ ಸಿಎಸ್‌ಎಸ್ ಭಾಷೆಯಲ್ಲಿ, ಬಾಣ ಮೇಲಿದ್ದಾಗ ಅನ್ವಯಿಸುವ ‘ಹೋವರ್’ ನಿಯಮದಿಂದ ತೋರಿಸುವ ಪೆಟ್ಟಿಗೆಗಳ ಪಾಡು ಇನ್ನೊಂದು ಬಗೆಯದು. ಹಳೆಯ ಸೈಟುಗಳು ಪೂರ್ತಿ ಕೆಡದಿರಲೆಂದು ಮೊಬೈಲ್ ಬ್ರೌಸರುಗಳು ಮೊದಲ ಮುಟ್ಟುವಿಕೆಯನ್ನೇ ಬಾಣ ಬಂದಂತೆ ನಟಿಸಿ ತೋರಿಸುತ್ತವೆ. ಆದರೆ ಬೆರಳೆತ್ತಿದ ಮೇಲೂ ಪೆಟ್ಟಿಗೆ ಅಲ್ಲೇ ಅಂಟಿಕೊಂಡಿರುತ್ತದೆ, ಬೇರೆಲ್ಲೋ ಮುಟ್ಟುವವರೆಗೆ ಹೋಗುವುದಿಲ್ಲ. ಐಫೋನಿನ ಸಫಾರಿಯಲ್ಲಿ ಬಾಣದ ನಟನೆಯಿಂದ ಪುಟದಲ್ಲಿ ಹೊಸದೇನಾದರೂ ಕಾಣಿಸಿಕೊಂಡರೆ ಮೊದಲ ಮುಟ್ಟುವಿಕೆ ಅಲ್ಲಿಗೇ ಮುಗಿಯುತ್ತದೆ, ಲಿಂಕ್ ತೆರೆಯಲು ಎರಡನೆಯ ಸಲ ಮುಟ್ಟಬೇಕಾಗುತ್ತದೆ. ನಮ್ಮ ಸೈಟಿನ ಮೆನುವಿನಲ್ಲಿ ಆಗುತ್ತಿದ್ದುದು ಇದೇ. ‘ಕಾರ್ಯಕ್ರಮಗಳು’ ಎಂಬುದನ್ನು ಮುಟ್ಟಿದರೆ ಉಪಪಟ್ಟಿ ಇಳಿದು ಕೆಳಗಿನ ವಿಷಯವನ್ನೆಲ್ಲ ಮುಚ್ಚಿ ನಿಲ್ಲುತ್ತಿತ್ತು, ಹಿರಿಯರು ಫೋನೇ ಕೆಟ್ಟಿತೆಂದು ಗಾಬರಿಯಾಗುತ್ತಿದ್ದರು.

ಠಾಣೆಯ ಕಚೇರಿಯವರ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚಿಗೆಯಾದದ್ದು ಅವರ ಮೊದಲ ಹೆಜ್ಜೆ. ನಾವು ಮಾತಾಡಿದ್ದ ಇನ್ನೊಬ್ಬ ಡೆವಲಪರ್ ‘ಒಂದು ಪ್ಲಗಿನ್ (ಸೈಟಿಗೆ ಜೋಡಿಸುವ ಸಿದ್ಧ ತಂತ್ರಾಂಶ) ಹಾಕಿದರೆ ಮುಟ್ಟಿದಾಗಲೂ ಟೂಲ್‌ಟಿಪ್ (ಆ ಪುಟ್ಟ ವಿವರಣೆಯ ಪೆಟ್ಟಿಗೆ) ಬರುತ್ತದೆ’ ಎಂದಷ್ಟೇ ಹೇಳಿ ದರ ಕೊಟ್ಟಿದ್ದರು. ಇವರು ಹಾಗೆ ಮಾಡಲಿಲ್ಲ. ಸೈಟಿನ ಪ್ರತಿ ಪುಟವನ್ನೂ ತೆರೆದು, ಬಾಣವಿಟ್ಟಾಗ ಮಾತ್ರ ಕಾಣುವ ಪ್ರತಿಯೊಂದು ಸಾಲನ್ನೂ ಒಂದು ಶೀಟಿನಲ್ಲಿ ಬರೆದುಕೊಂಡು ಬಂದರು. ಪ್ರತಿ ಸಾಲಿನ ಮುಂದೆ ಒಂದೇ ಪ್ರಶ್ನೆಯಿತ್ತು: ಇದನ್ನು ಅಡಗಿಸಿಡುವ ಅಗತ್ಯವಾದರೂ ಏನು? ಆ ಶೀಟನ್ನು ಮುಂದಿಟ್ಟುಕೊಂಡು ಕೂತಾಗ ಹೆಚ್ಚಿನ ಸಾಲುಗಳಿಗೆ ಸಮಿತಿಯಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಜಾಗ ಸಾಲದೆಂದೋ ಪುಟ ಚೊಕ್ಕಟವಾಗಿ ಕಾಣಲೆಂದೋ ಹಿಂದೆ ಯಾರೋ ಒಳಗೆ ತುರುಕಿದ್ದರು, ಅಷ್ಟೇ. ಮುಟ್ಟಿದಾಗ ತೆರೆಯುವಂತೆ ಮಾಡುವುದು ಎರಡನೆಯ ಮಾತು, ಮುಟ್ಟದೆಯೇ ಕಾಣುವಂತೆ ಮಾಡುವುದು ಮೊದಲನೆಯದು ಎಂಬ ಈ ಕ್ರಮವನ್ನು ಅವರು ಕೊನೆಯವರೆಗೂ ಬಿಡಲಿಲ್ಲ. ಈ ಕೆಲಸಕ್ಕೆ ಇಳಿಯುವ ಯಾರೇ ಆಗಲಿ ಇದೇ ಕ್ರಮದಲ್ಲಿ ಹೋಗಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಏಕೆಂದರೆ ಮುಟ್ಟಿದರೆ ಏನೋ ತೆರೆಯುತ್ತದೆ ಎಂಬ ಸುಳಿವೇ ಇಲ್ಲದ ಕಡೆ ಯಾರೂ ಮುಟ್ಟುವುದಿಲ್ಲ.

ಕ್ಯಾಲೆಂಡರನ್ನೇ ನೋಡಿ. ಅನೇಕ ಆಂಡ್ರಾಯ್ಡ್ ಫೋನುಗಳಲ್ಲಿ ಪುಟದ ಅಗಲ, ವೆಬ್ ವಿನ್ಯಾಸದ ಅಳತೆಯಾದ ಸಿಎಸ್‌ಎಸ್ ಪಿಕ್ಸೆಲಿನಲ್ಲಿ, 360ರ ಆಸುಪಾಸಿನಲ್ಲಿರುತ್ತದೆ. ವಾರದ ಏಳು ದಿನಕ್ಕೆ ಹಂಚಿದರೆ ಒಂದು ಚೌಕಕ್ಕೆ 51 ಪಿಕ್ಸೆಲ್ ಸಿಗುತ್ತದೆ, ಅದರಲ್ಲಿ ‘ಕಾದಿರಿಸಲಾಗಿದೆ’ ಎಂಬ ಒಂದು ಕನ್ನಡ ಪದವೂ ಹಿಡಿಯುವುದಿಲ್ಲ. ಹಾಗಾಗಿ ಅವರು ಕಿರಿದಾದ ಪರದೆಯಲ್ಲಿ ಚೌಕಗಳ ಪದ್ಧತಿಯನ್ನೇ ಕೈಬಿಟ್ಟು, ತಿಂಗಳನ್ನು ಮೇಲಿನಿಂದ ಕೆಳಕ್ಕೆ ಇಳಿಯುವ ಪಟ್ಟಿಯಾಗಿ ಮಾಡಿದರು. ‘ಶನಿವಾರ, 14’ ಎಂದು ಒಂದು ಕಡೆ, ‘ಬೆಳಿಗ್ಗೆ: ಖಾಲಿ. ಸಂಜೆ: ಬುಕ್ ಆಗಿದೆ’ ಎಂದು ಇನ್ನೊಂದು ಕಡೆ. ಪೂರ್ತಿ ಬುಕ್ ಆದ ದಿನಗಳನ್ನು ಮಸುಕಾದ ಒಂದೇ ಸಾಲಿಗೆ ಇಳಿಸಿದ್ದಾರೆ, ಖಾಲಿ ಇರುವ ದಿನದ ಸಾಲಿನ ತುದಿಯಲ್ಲಿ ‘ವಿಚಾರಿಸಿ’ ಎಂಬ ಬಟನ್ ಇದೆ. ಬಣ್ಣ ಈಗಲೂ ಉಂಟು, ಆದರೆ ಅದು ಅಕ್ಷರಗಳಿಗೆ ಒತ್ತಾಸೆಯಾಗಿದೆಯೇ ಹೊರತು ಅವುಗಳ ಸ್ಥಾನದಲ್ಲಿಲ್ಲ. ಬಣ್ಣವೊಂದರಿಂದಲೇ ಅರ್ಥ ತಿಳಿಸಬಾರದೆಂಬುದು ಡಬ್ಲ್ಯುಸಿಎಜಿ ಎಂಬ ಜಾಗತಿಕ ವೆಬ್ ಸುಗಮತೆಯ (ಅಂಗವಿಕಲರೂ ಸೇರಿ ಎಲ್ಲರೂ ಬಳಸುವಂತಿರುವುದರ) ಮಾರ್ಗಸೂಚಿಯ ತೀರಾ ಮೂಲ ಹಂತದ ನಿಯಮ. ಕೆಂಪು ಹಸಿರಿನ ವ್ಯತ್ಯಾಸ ಗುರುತಿಸಲಾಗದವರಿಗೂ ಇದರಿಂದ ಅನುಕೂಲವಾಯಿತು. ಕ್ಯಾಲೆಂಡರ್ ಎಂದರೆ ಚೌಕಗಳಿರಲೇಬೇಕೆಂದು ಸಮಿತಿಯಲ್ಲಿ ಕೆಲವರು ವಾದಿಸಿದರು. ಗಣಕದಲ್ಲಿ ಚೌಕಗಳೇ ಉಳಿದಿವೆ, ಅಲ್ಲಿ ಚೌಕದೊಳಗೇ ಎರಡು ಸಾಲು ಹಿಡಿಯುವುದರಿಂದ ಅಲ್ಲಿಯೂ ಬಾಣದ ಅಗತ್ಯ ಬೀಳುವುದಿಲ್ಲ.

ಬಾಡಿಗೆ ಪುಟದಲ್ಲಿ ಡಿಪಾಸಿಟ್ ಮೊತ್ತದ ಪಕ್ಕ ಒಂದು ನಕ್ಷತ್ರವಿತ್ತು. ರದ್ದು ಮಾಡಿದರೆ ಎಷ್ಟು ಹಣ ಹಿಂದಿರುಗುತ್ತದೆ, ಅಡುಗೆಮನೆ ಮತ್ತು ಗ್ಯಾಸಿನ ಖರ್ಚು ಬಾಡಿಗೆಯಲ್ಲಿ ಸೇರಿದೆಯೇ ಇಲ್ಲವೇ ಎಂಬುದೆಲ್ಲ ಆ ನಕ್ಷತ್ರದ ಹಿಂದಿತ್ತು. ಹಣದ ನಿಯಮವನ್ನು ಹಾಗೆ ಅಡಗಿಸಿಡುವುದು ಅನುಕೂಲದ ಪ್ರಶ್ನೆಯಷ್ಟೇ ಅಲ್ಲ, ಅದು ವ್ಯವಹಾರದ ಪ್ರಾಮಾಣಿಕತೆಯ ಪ್ರಶ್ನೆ. ಈಗ ಅದೆಲ್ಲ ಮೊತ್ತದ ಕೆಳಗೇ ಪೂರ್ಣ ವಾಕ್ಯಗಳಲ್ಲಿದೆ.

ಗ್ರಂಥಾಲಯದ ಪಟ್ಟಿಯಲ್ಲಿ ಬೇರೊಂದು ಸಮಸ್ಯೆಯಿತ್ತು, ಅದು ಕನ್ನಡಕ್ಕೇ ಸಂಬಂಧಿಸಿದ್ದು. ಪುಸ್ತಕದ ಹೆಸರು ಉದ್ದವಾದರೆ ಸಾಲನ್ನು ಕತ್ತರಿಸಿ ಮೂರು ಚುಕ್ಕೆ ಹಾಕಿ, ಪೂರ್ಣ ಹೆಸರನ್ನು ಬಾಣವಿಟ್ಟಾಗ ತೋರಿಸುತ್ತಿದ್ದರು. ‘ಸಮಗ್ರ ಕಥೆಗಳು, ಸಂಪುಟ...’ ಎಂದು ನಿಂತುಬಿಟ್ಟರೆ ಯಾವ ಸಂಪುಟವೆಂದು ಮೊಬೈಲಿನಲ್ಲಿ ತಿಳಿಯುವ ದಾರಿಯೇ ಇರಲಿಲ್ಲ. ಕತ್ತರಿಸಲೆಂದು ಸಾಲಿನ ಎತ್ತರವನ್ನು ಬಿಗಿಮಾಡಿದ್ದರಿಂದ ಒತ್ತಕ್ಷರಗಳ ಕೆಳಭಾಗವೂ ಹಾರಿಹೋಗುತ್ತಿತ್ತು, ‘ರಾಷ್ಟ್ರ’ ಎಂಬ ಪದದ ಟಕಾರ ರಕಾರಗಳು ಅರ್ಧಂಬರ್ಧ ಕಾಣುತ್ತಿದ್ದವು. ರೋಮನ್ ಲಿಪಿಗೆಂದು ಅಳೆದ ಎತ್ತರವನ್ನು ಕನ್ನಡಕ್ಕೆ ಹಾಗೆಯೇ ಹಾಕಿದರೆ ಹೀಗಾಗುತ್ತದೆ. ಠಾಣೆಯವರು ಕತ್ತರಿಸುವ ನಿಯಮವನ್ನೇ ತೆಗೆದುಹಾಕಿ, ಹೆಸರು ಎರಡು ಮೂರು ಸಾಲಿಗೆ ಇಳಿಯಲು ಬಿಟ್ಟು, ಸಾಲಿನ ಎತ್ತರವನ್ನು ಅಕ್ಷರದ ಗಾತ್ರದ ಒಂದೂಮುಕ್ಕಾಲು ಪಟ್ಟಿನಷ್ಟು ಮಾಡಿದರು. ಕೆಲಸ ಮಾಡಿದ ಹುಡುಗಿಗೆ ಕನ್ನಡ ಓದಲು ಬರುವುದಿಲ್ಲ, ಆಕೆ ಮರಾಠಿಯವರು. ಆದರೂ ಪ್ರತಿ ಪುಟದ ಚಿತ್ರ ತೆಗೆದು ಕಳಿಸಿ, ಅಕ್ಷರ ಎಲ್ಲಾದರೂ ಮುರಿದಿದೆಯೇ ನೋಡಿ ಎಂದು ಕೇಳುತ್ತಿದ್ದರು. ಆ ಶ್ರದ್ಧೆಗೆ ನಾನು ಕೃತಜ್ಞನಾಗಿದ್ದೇನೆ.

ಸಂಸ್ಥಾಪಕರ ಭಾವಚಿತ್ರಗಳ ಪುಟದ ವಿಷಯಕ್ಕೆ ಬಂದರೆ, ಇದನ್ನು ನಾನು ಹಾಲ್ ಬುಕಿಂಗಿಗಿಂತ ದೊಡ್ಡದೆಂದು ಎಣಿಸುತ್ತೇನೆ. ಮುಂಬಯಿಯಲ್ಲಿ ಕನ್ನಡ ಸಂಸ್ಥೆಗಳ ಇತಿಹಾಸ ಸಣ್ಣದಲ್ಲ, ಮಾಟುಂಗದ ಮೈಸೂರು ಅಸೋಸಿಯೇಷನ್ 1926ರಲ್ಲೇ ಹುಟ್ಟಿದ್ದು. ನಮ್ಮ ಸಂಘ ಅದಕ್ಕಿಂತ ಬಹಳ ಚಿಕ್ಕದು. ಆದರೂ ಹೋಟೆಲುಗಳಲ್ಲಿ, ಗಿರಣಿಗಳಲ್ಲಿ, ಬ್ಯಾಂಕುಗಳಲ್ಲಿ ದುಡಿದು, ರಾತ್ರಿ ಶಾಲೆಯ ಕೋಣೆಯಲ್ಲಿ ಸಭೆ ಸೇರಿ ಅದನ್ನು ಕಟ್ಟಿದವರು ನಮಗೂ ಇದ್ದಾರೆ. ಅವರ ಕಪ್ಪುಬಿಳುಪು ಚಿತ್ರಗಳನ್ನು ಸಾಲಾಗಿ ಜೋಡಿಸಿ, ಹೆಸರನ್ನು ಮಾತ್ರ ಬಾಣವಿಟ್ಟಾಗ ಚಿತ್ರದ ಮೇಲೆ ಮೂಡುವಂತೆ ಮಾಡಿದ್ದರು. ಎಂದರೆ ಮೊಬೈಲಿನಲ್ಲಿ ನೋಡುವ ಮೊಮ್ಮಕ್ಕಳ ಪಾಲಿಗೆ ಅವರೆಲ್ಲ ಹೆಸರಿಲ್ಲದ ಮುಖಗಳಾಗಿದ್ದರು. ಹೊಸ ಪುಟದಲ್ಲಿ ಪ್ರತಿ ಚಿತ್ರದ ಅಡಿಯಲ್ಲಿ ಹೆಸರು, ಹುಟ್ಟೂರು ಮತ್ತು ಸೇವೆ ಸಲ್ಲಿಸಿದ ವರ್ಷಗಳು ಅಚ್ಚಾಗಿವೆ. ವಿನ್ಯಾಸ ಸ್ವಲ್ಪ ತುಂಬಿದಂತೆ ಕಾಣುತ್ತದೆ ಎಂಬ ಟೀಕೆ ಬಂದಿದೆ, ಅದು ನಿಜವೂ ಹೌದು. ಆದರೆ ಹೆಸರುಗಳಿಂದ ಪುಟ ತುಂಬುವುದಾದರೆ ತುಂಬಲಿ.

ಇಷ್ಟೆಲ್ಲ ಬಯಲಿಗೆ ತಂದ ಮೇಲೂ ಕೆಲವು ವಿವರಗಳು ನಿಜಕ್ಕೂ ಬದಿಯಲ್ಲಿರಬೇಕಾದವು. ಸದಸ್ಯತ್ವದ ಅರ್ಜಿಯಲ್ಲಿ ‘ಪೋಷಕ ಸದಸ್ಯ’ ಎಂದರೇನು, ‘ಸೂಚಕರು’ ಯಾರಾಗಬಹುದು ಎಂಬಂಥವು ಒಮ್ಮೆ ತಿಳಿದವರಿಗೆ ಮತ್ತೆ ಬೇಕಾಗುವುದಿಲ್ಲ. ಇವುಗಳಿಗೆ ಮಾತ್ರ ಪದದ ಪಕ್ಕದಲ್ಲಿ ‘ಏನಿದು?’ ಎಂಬ ಬಟನ್ ಇಟ್ಟಿದ್ದಾರೆ. ಮುಟ್ಟಿದರೆ ವಿವರಣೆಯ ಪೆಟ್ಟಿಗೆ ಪರದೆಯ ಕೆಳಭಾಗದಿಂದ ಮೇಲೇಳುತ್ತದೆ. ಕನ್ನಡ ವಿಕಿಪೀಡಿಯವನ್ನು ಮೊಬೈಲ್ ಆವೃತ್ತಿಯಲ್ಲಿ ಓದುವಾಗ ಉಲ್ಲೇಖದ ಸಂಖ್ಯೆಯನ್ನು ಮುಟ್ಟಿದರೆ ಅದರ ವಿವರ ಕೆಳಗಿನಿಂದ ಬರುವುದನ್ನು ನೋಡಿದವರಿಗೆ ಈ ಕ್ರಮ ಹೊಸದಲ್ಲ. ಪೆಟ್ಟಿಗೆ ಬೆರಳಿನ ಅಡಿಯಲ್ಲೇ ತೆರೆದು ಮುಚ್ಚಿಹೋಗುವ ತೊಂದರೆಯೂ ಇದರಿಂದ ತಪ್ಪುತ್ತದೆ.

ಈ ಪೆಟ್ಟಿಗೆಗೆ ಅವರು ಬ್ರೌಸರಿನಲ್ಲೇ ಇರುವ ‘ಪಾಪ್‌ಓವರ್’ ಸೌಲಭ್ಯವನ್ನು ಬಳಸಿದ್ದಾರೆ. ಕ್ರೋಮ್ 114ನೆಯ ಆವೃತ್ತಿಯಿಂದ ಮತ್ತು ಸಫಾರಿ 17ರಿಂದ, ಅಂದರೆ 2023ರಲ್ಲಿ, ಇದು ಬಂದಿತು. ಫೈರ್‌ಫಾಕ್ಸ್ 2024ರಲ್ಲಿ 125ನೆಯ ಆವೃತ್ತಿಯೊಡನೆ ಸೇರಿಕೊಂಡಿತು. ಬೇರೆ ಪ್ಲಗಿನ್ ಹೊರಿಸಬೇಕಿಲ್ಲ, ಹೊರಗೆ ಮುಟ್ಟಿದರೆ ಅಥವಾ ಎಸ್ಕೇಪ್ ಕೀಲಿ ಒತ್ತಿದರೆ ತಾನಾಗಿ ಮುಚ್ಚುತ್ತದೆ. ಆದರೆ ಐಫೋನಿನಲ್ಲಿ ಸಫಾರಿ 18.3ಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ ಹೊರಗೆ ಮುಟ್ಟಿದರೆ ಮುಚ್ಚದಿರುವ ದೋಷವಿತ್ತು. ಇದನ್ನು ತಿಳಿದೇ ಅವರು ಪ್ರತಿ ಪೆಟ್ಟಿಗೆಯೊಳಗೆ ‘ಮುಚ್ಚಿ’ ಎಂಬ ಬಟನನ್ನೂ ಇಟ್ಟಿದ್ದರು. ಪಾಪ್‌ಓವರ್ ಗೊತ್ತಿಲ್ಲದ ಇನ್ನೂ ಹಳೆಯ ಫೋನುಗಳಲ್ಲಿ ವಿವರಣೆ ಪದದ ಕೆಳಗೇ ಬಿಚ್ಚಿಕೊಂಡಿರುತ್ತದೆ, ಅಂದವಾಗಿ ಕಾಣದಿದ್ದರೂ ಓದಲು ಸಿಗುತ್ತದೆ. ಹಳೆಯ ಫೋನನ್ನು ಮಗನಿಂದ ಪಡೆದು ಬಳಸುವ ಹಿರಿಯರು ನಮ್ಮಲ್ಲಿ ಬಹಳ ಇರುವುದರಿಂದ ಈ ಎಚ್ಚರಿಕೆ ನನಗೆ ದೊಡ್ಡದಾಗಿ ಕಂಡಿತು.

ಬಟನ್ನಿನ ಗಾತ್ರದ ಬಗ್ಗೆ ನಮಗೂ ಅವರಿಗೂ ಸ್ವಲ್ಪ ಚರ್ಚೆಯಾಯಿತು. 2023ರ ಅಕ್ಟೋಬರಿನಲ್ಲಿ ಬಂದ ಡಬ್ಲ್ಯುಸಿಎಜಿ 2.2 ಮುಟ್ಟುವ ಜಾಗ ಕನಿಷ್ಠ 24 ಪಿಕ್ಸೆಲ್ ಉದ್ದಗಲ ಇರಬೇಕೆನ್ನುತ್ತದೆ, ಅದರ ಮೇಲಿನ ಹಂತದ ನಿಯಮ 44 ಪಿಕ್ಸೆಲ್ ಕೇಳುತ್ತದೆ. ಮೊದಲು ಅವರು ತೋರಿಸಿದ್ದು 24ರ ಲೆಕ್ಕದ್ದು. ಕಾಗದದ ಮೇಲೆ ನಿಯಮಕ್ಕೆ ಸರಿ, ಆದರೆ ಎಪ್ಪತ್ತು ದಾಟಿದವರ ನಡುಗುವ ಬೆರಳಿಗೆ ಅದು ಸಾಲುತ್ತಿರಲಿಲ್ಲ. 44 ಮಾಡಿಸಿದೆವು. ಮರುಮಾತಿಲ್ಲದೆ ಮಾಡಿಕೊಟ್ಟರು.

ಕೊರತೆಗಳನ್ನು ಹೇಳದಿದ್ದರೆ ವಿಮರ್ಶೆ ಪೂರ್ತಿಯಾಗುವುದಿಲ್ಲ. ಮೊದಲ ಕರಡಿನಲ್ಲಿ ಅವರು ಫೋನೋ ಗಣಕವೋ ಎಂಬುದನ್ನು ಪರದೆಯ ಅಗಲದಿಂದ ನಿರ್ಧರಿಸಿದ್ದರು. ಟ್ಯಾಬ್ಲೆಟನ್ನು ಅಡ್ಡ ಹಿಡಿದರೆ ಅದು ಲ್ಯಾಪ್‌ಟಾಪಿನಷ್ಟೇ ಅಗಲವಾಗುತ್ತದೆ, ಆಗ ಮೆನು ಮತ್ತೆ ಬಾಣಕ್ಕಾಗಿ ಕಾಯುತ್ತಿತ್ತು. ಅಗಲ ಒಂದು ವಿಷಯ, ಬಾಣ ಇದೆಯೇ ಎಂಬುದು ಬೇರೆಯೇ ವಿಷಯ. ಬಾಣವಿರುವ ಸಾಧನವೇ ಎಂದು ನೇರವಾಗಿ ಕೇಳುವ ‘ಹೋವರ್’ ಮತ್ತು ‘ಪಾಯಿಂಟರ್’ ಎಂಬ ಮೀಡಿಯಾ ಕ್ವೆರಿಗಳು (ಸಾಧನದ ಗುಣ ತಿಳಿದು ವಿನ್ಯಾಸ ಬದಲಿಸುವ ನಿಯಮಗಳು) ಸಿಎಸ್‌ಎಸ್‌ನಲ್ಲಿ ಎಷ್ಟೋ ಕಾಲದಿಂದ ಇವೆ. ಅವನ್ನು ಆಮೇಲೆ ಹಾಕಿದರು. ಅದರಲ್ಲೂ ಟಚ್‌ಸ್ಕ್ರೀನ್ ಇರುವ ಲ್ಯಾಪ್‌ಟಾಪ್ ಮುಖ್ಯ ಸಾಧನವೆಂದು ಮೌಸನ್ನೇ ಹೇಳುವುದರಿಂದ, ಅಲ್ಲಿ ಬೆರಳಿನಿಂದ ಮುಟ್ಟಿದವರಿಗೆ ಉಪಪಟ್ಟಿ ತೆರೆಯುತ್ತಿರಲಿಲ್ಲ. ಕೊನೆಗೆ ಮೆನುವನ್ನು ಎಲ್ಲ ಕಡೆಯೂ ಒತ್ತಿದಾಗಲೇ ತೆರೆಯುವಂತೆ ಮಾಡಿ ಗೊಂದಲವನ್ನು ಬುಡದಿಂದಲೇ ತೆಗೆದರು. ಮೊದಲೇ ಹೀಗೆ ಮಾಡಿದ್ದರೆ ಎಲ್ಲರ ಸಮಯವೂ ಉಳಿಯುತ್ತಿತ್ತು.

ದೃಷ್ಟಿದೋಷವಿರುವ ನಮ್ಮ ಒಬ್ಬ ಸದಸ್ಯರು ಪರದೆಯ ಮೇಲಿರುವುದನ್ನು ಓದಿ ಹೇಳುವ, ಆಂಡ್ರಾಯ್ಡ್‌ನ ಟಾಕ್‌ಬ್ಯಾಕ್ ಎಂಬ ಸ್ಕ್ರೀನ್ ರೀಡರ್ ಬಳಸುತ್ತಾರೆ. ಅವರ ಕೈಯಲ್ಲಿ ಪರೀಕ್ಷಿಸಿದಾಗ ‘ಏನಿದು?’ ಬಟನ್ನುಗಳೆಲ್ಲ ಒಂದೇ ರೀತಿ ಓದಿಸಿಕೊಳ್ಳುತ್ತಿದ್ದವು, ಯಾವ ಪದದ ವಿವರಣೆಯೆಂದು ತಿಳಿಯುತ್ತಿರಲಿಲ್ಲ. ಪುಟದ ಭಾಷೆ ಕನ್ನಡವೆಂದು ಗುರುತು ಹಾಕದೆ ಇಂಗ್ಲಿಷ್ ಎಂದೇ ಬಿಟ್ಟಿದ್ದರಿಂದ ಕನ್ನಡ ಸಾಲುಗಳ ಓದೂ ಕೆಟ್ಟಿತ್ತು. ಈ ಎರಡೂ ಸಣ್ಣ ತಿದ್ದುಪಡಿಗಳು. ಆದರೆ ನಾವು ಹೇಳಿದ ಮೇಲೆ ಆದವು, ಅವರಾಗಿ ಪರೀಕ್ಷಿಸಿರಲಿಲ್ಲ. ಸುಗಮತೆಯ ಹೆಸರಿನಲ್ಲಿ ಸೇವೆ ನೀಡುವವರು ಸ್ಕ್ರೀನ್ ರೀಡರ್ ಹಾಕಿ ಒಮ್ಮೆಯಾದರೂ ಕೇಳಿಸಿಕೊಳ್ಳದೆ ಕೆಲಸ ಒಪ್ಪಿಸಬಾರದು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯೂ ಮಾಹಿತಿ ಎಲ್ಲರಿಗೂ ಎಟುಕಬೇಕೆಂದು ಹೇಳುತ್ತದೆ.

ಇನ್ನೊಂದು ಅಸಮಾಧಾನ ಹಸ್ತಾಂತರದ ಕುರಿತಾದದ್ದು. ಹೊಸ ಚಿತ್ರ ಸೇರಿಸುವಾಗ ಹೆಸರನ್ನು ಎಲ್ಲಿ ಬರೆಯಬೇಕು, ಹೊಸ ಪದಕ್ಕೆ ವಿವರಣೆಯನ್ನು ಹೇಗೆ ಜೋಡಿಸಬೇಕು ಎಂಬ ಸೂಚನೆಗಳನ್ನು ಡೆವಲಪರುಗಳಿಗೆ ಮಾತ್ರ ಅರ್ಥವಾಗುವ ಇಂಗ್ಲಿಷಿನಲ್ಲಿ ಕೊಟ್ಟಿದ್ದಾರೆ. ಸಂಘದ ಸೈಟಿಗೆ ವಿಷಯ ಸೇರಿಸುವವರು ಬಿಡುವಿನ ವೇಳೆಯಲ್ಲಿ ಬರುವ ಸ್ವಯಂಸೇವಕರು. ನಾಳೆ ಅವರಲ್ಲೊಬ್ಬರು ಗೊತ್ತಿಲ್ಲದೆ ಟೈಟಲ್ ಪೆಟ್ಟಿಗೆಯಲ್ಲಿ ವಿವರಣೆ ತುಂಬಿದರೆ ಹಳೆಯ ರೋಗ ಮತ್ತೆ ಹತ್ತುತ್ತದೆ. ಕನ್ನಡದಲ್ಲಿ ಒಂದು ಪುಟದ ಸೂಚನೆಯನ್ನು ನಾವೇ ಬರೆದುಕೊಳ್ಳಬೇಕಾಯಿತು.

ದರ ಪ್ಲಗಿನ್ ಹಾಕುವೆನೆಂದವರಿಗಿಂತ ಸಾಕಷ್ಟು ಹೆಚ್ಚಾಯಿತು, ಹೇಳಿದ ಅವಧಿಗಿಂತ ತಡವೂ ಆಯಿತು. ಆದರೂ ಈ ಸೇವೆಯನ್ನು ನಾನು ಶಿಫಾರಸು ಮಾಡುತ್ತೇನೆ, ಮುಖ್ಯವಾಗಿ ಆ ಮೊದಲ ಶೀಟಿಗಾಗಿ. ಬೇರೆ ಸಂಘದವರು ಯಾರಿಗೇ ಕೆಲಸ ಕೊಡಲಿ, ಅಂಥದೊಂದು ಪಟ್ಟಿಯನ್ನು ಕರಾರಿನಲ್ಲೇ ಕೇಳಲಿ. ಒಪ್ಪಿಸಿಕೊಳ್ಳುವ ಮುನ್ನ ಮೌಸ್ ಮುಟ್ಟದೆ, ಸಂಘದ ಅತಿ ಹಿರಿಯ ಸದಸ್ಯರೊಬ್ಬರ ಕೈಗೆ ಅವರದೇ ಫೋನ್ ಕೊಟ್ಟು, ಡಿಪಾಸಿಟ್ ನಿಯಮ ಹುಡುಕಿಸಲಿ. ನಮ್ಮಲ್ಲಿ ಯಕ್ಷಗಾನ ಪ್ರದರ್ಶನಗಳ ಸೀಟು ನಕ್ಷೆ ಮಾತ್ರ ಇನ್ನೂ ಬಾಕಿಯಿದೆ. ಅಲ್ಲಿ ಸಾಲು ಮತ್ತು ಬೆಲೆ ಈಗಲೂ ಬಾಣವಿಟ್ಟರಷ್ಟೇ ಕಾಣುತ್ತವೆ. ಮುಂದಿನ ಪ್ರದರ್ಶನದ ಟಿಕೆಟ್ ಮಾರಾಟ ಶುರುವಾಗುವುದರೊಳಗೆ ಅದನ್ನೂ ಇವರಿಂದಲೇ ಮಾಡಿಸಬೇಕೆಂದು ಸಮಿತಿ ಒಪ್ಪಿದೆ.